ನಾಲ್ಕೂ ಫ್ಲೋರಲ್ಲಿ ಓನರ್ರೇ ವಾಸ

ಏಪ್ರಿಲ್ ಬಂತು, ಪೂರ್ತಿ ಪ್ರಾಪರ್ಟಿ ಟ್ಯಾಕ್ಸ್ ಒಟ್ಟಿಗೆ ಕಟ್ಟಿದ್ರೆ 5% ರಿಯಾಯಿತಿ ಅಂತ ಮೆಸೇಜು ಶುರುವಾಯ್ತು, ಬೆಂಗಳೂರಿನ ಬಾಡಿಗೆದಾರರೆಲ್ಲ ಒಂದೇ ರಾತ್ರೀಲಿ ಮಾಯ! ಗಾಬರಿ ಬೇಡ, ಮಾಯ ಆಗಿರೋದು ಟ್ಯಾಕ್ಸ್ ಫಾರಂನಲ್ಲಿ ಮಾತ್ರ. 2008ರಲ್ಲಿ ತಂದ ಪದ್ಧತೀಲಿ ಓನರ್ ವಾಸ ಇದ್ರೆ ಒಂದು ರೇಟು, ಬಾಡಿಗೆಗೆ ಕೊಟ್ಟಿದ್ರೆ ಹೆಚ್ಚುಕಮ್ಮಿ ಅದರ ಡಬಲ್ಲು, ಯಾವ್ದು ಅಂತ ಓನರ್ರೇ ಬರ್ಕೊಡ್ಬೇಕು. ಇನ್ನೇನ್ ಬರೀತಾರೆ? 20-30 ಸೈಟಲ್ಲಿ ಗ್ರೌಂಡ್ ಪ್ಲಸ್ ಮೂರು ಎಬ್ಬಿಸಿರೋ ಮಹಾನುಭಾವರು ಕೆಳಗೆ ಸ್ನಾನ, ಫಸ್ಟ್ ಫ್ಲೋರಲ್ಲಿ ತಿಂಡಿ, ಸೆಕೆಂಡ್ ಫ್ಲೋರಲ್ಲಿ ಸೀರಿಯಲ್ಲು, ಮೇಲಿನ ಒನ್ ಬಿಎಚ್‌ಕೇಲಿ ನಿದ್ದೆ, ಎಲ್ಲಾ ಕಡೆ ಅವರೇ ಸ್ವಂತ ವಾಸ. ಈ ವಯಸ್ಸಲ್ಲಿ ಇಷ್ಟು ಮೆಟ್ಟಿಲು ಹತ್ತಿ ಇಳಿಯೋದು ಸುಮ್ನೆ ಮಾತಲ್ಲ ಕಣ್ರೀ.

ಇದನ್ನ ಪತ್ತೆ ಹಚ್ಚೋಕೆ ಸ್ಯಾಟಲೈಟು ಡ್ರೋನು ಯಾವ್ದೂ ಬೇಡ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ್ರೆ ಸಾಕು, ಸಾಲಾಗಿ ಐದು ಕರೆಂಟ್ ಮೀಟರು, ಒಂದೊಂದಕ್ಕೂ ಬೇರೆ ಆರ್‌ಆರ್ ನಂಬರು (ಕರೆಂಟ್ ಕನೆಕ್ಷನ್ ನಂಬರು), ಮೇಲೆ ಪೆನ್ನಲ್ಲಿ ‘ಪಿಜಿ ಹುಡುಗ್ರು’, ‘ಬ್ಯಾಂಕ್ ಅವ್ರು’ ಅಂತ ಬರೆದಿರತ್ತೆ. ಬಿಬಿಎಂಪಿ ಹೋಗಿ ಜಿಬಿಎ ಅಂತ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದಿದ್ದ ಪಾಲಿಕೆ ಐದಾಯ್ತು, ಬಗ್ಗಿ ನೋಡೋರು ಮಾತ್ರ ಒಬ್ರೂ ಹುಟ್ಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಒಂಚೂರು ನಡುಕ ಹುಟ್ಟಿತ್ತು ನೋಡಿ, ಬಾಡಿಗೆದಾರರಿಗೂ 200 ಯೂನಿಟ್‌ವರೆಗೆ ಫ್ರೀ, ಕರಾರು ಪತ್ರ ಕೊಡಿ ಟ್ಯಾಕ್ಸ್ ರಸೀದಿ ಕೊಡಿ ಅಂತ ಮೊದ್ಲು ಮಾತು ಬಂದಿದ್ದೇ, ‘ನಿಮ್ಗ್ಯಾಕ್ರೀ ಫ್ರೀ ಕರೆಂಟು, ಸಾಫ್ಟ್‌ವೇರ್ ಸಂಬಳ ತಗೋತೀರಾ’ ಅಂತ ಓನರ್‌ಗಳಿಗೆಲ್ಲ ಇದ್ದಕ್ಕಿದ್ದಂಗೆ ರಾಜ್ಯದ ಬೊಕ್ಕಸದ ಮೇಲೆ ಕಾಳಜಿ ಉಕ್ಕಿ ಹರೀತು.

ಕರಾರು ಪತ್ರ ಅಂದ್ನಲ್ಲ, ಅದೂ ಹನ್ನೊಂದೇ ತಿಂಗಳದ್ದು. ವರ್ಷ ಮೀರಿದ್ರೆ 1908ರ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೇ ಮಗು ಹುಟ್ಟಿ ಹೈಸ್ಕೂಲು ಮುಗಿಸೋವರೆಗೂ ಅದೇ ಮನೇಲಿದ್ರೂ ಕುಟುಂಬ ಹನ್ನೊಂದ್ ಹನ್ನೊಂದ್ ತಿಂಗಳಾಗಿ ಬದುಕುತ್ತೆ. ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂದ್ರು. ಮಾದರಿ ಅಂದ್ಮೇಲೆ ನೋಡಿ ಖುಷಿ ಪಡೋಕೆ ಅಷ್ಟೇ ಅಲ್ವಾ. ನಮ್ಮ ಬೀದೀಲಿ ಈಗ್ಲೂ ಹತ್ತು ತಿಂಗಳದ್ದು ಕೇಳೋರಿದಾರೆ.

ಆ ಅಡ್ವಾನ್ಸು ವಾಪಸ್ ಬರೋ ಚೆಂದ ನೋಡ್ಬೇಕು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಟ್. ಆಮೇಲೆ ಬರೋ ಹೊಸಬರಿಗೆ ಸಿಗೋದು ಅದೇ ಗೋಡೆ. ಮಂಚದ ಪಕ್ಕ ತಲೆ ಎಣ್ಣೆ ಹತ್ತಿ ಆಗಿರೋ ದುಂಡನೆ ಕಲೆ, ಅದರ ಮೇಲೊಂದು ಕೋಟು ಸುಣ್ಣದ ನೀರು ತೋರಿಸಿರ್ತಾರೆ, ಆಷಾಢದ ಥಂಡಿಗೆ ಕಲೆ ಮತ್ತೆ ಹಾಜರು. ಒಂದೇ ಕಲೆಗೆ ಮೂರು ಸಂಸಾರ ಪೇಂಟಿಂಗ್ ದುಡ್ಡು ಕೊಟ್ಟಿರೋದುಂಟು. ಷೇರು ಮ್ಯೂಚುವಲ್ ಫಂಡು ಅಂತ ಒದ್ದಾಡೋರು ಇಂಥಾ ಕಲೆ ಮೇಲೆ ಇನ್ವೆಸ್ಟ್ ಮಾಡ್ಬೇಕು.

ನಮ್ಮ ರಸ್ತೇಲೊಬ್ರು ರಿಟೈರ್ಡ್ ಮೇಡಂ ಇದಾರೆ, ಬಾಡಿಗೆ ಮನೇನ ಬಾಡಿಗೆ ಅಂತಲೇ ಬರ್ದು ಟ್ಯಾಕ್ಸ್ ಕಟ್ತಾರೆ. ಅಕ್ಕಪಕ್ಕದವರೆಲ್ಲ ಅವರಿಗೆ ತಲೆ ಕೆಟ್ಟಿದೆ ಅಂತಾರೆ. ತಮಾಷೆ ಸಾಕು, ನಿಜಕ್ಕೂ ಸಿಟ್ಟು ಬರತ್ತೆ. ಸರಿಯಾಗಿ ಬರ್ದೋರು ಪೆದ್ದರಾಗಿ ಕೂತ್ಕೊಳ್ಳೋ ವ್ಯವಸ್ಥೇನ ಇಷ್ಟು ವರ್ಷ ಯಾಕ್ ಇಟ್ಕೊಂಡಿದೀರಿ? ಚೆಕ್ ಮಾಡೋಕಾಗಲ್ಲ ಅಂದ್ರೆ ಎರಡು ರೇಟು ಯಾಕೆ? ಚರಂಡಿಗೆ ದುಡ್ಡಿಲ್ಲ ಅಂತೀರಿ, ಮೀಟರ್ ಎಣಿಸೋಕೆ ಎಷ್ಟು ದುಡ್ಡು ಬೇಕು?

ಇನ್‌ಕಮ್ ಟ್ಯಾಕ್ಸು ಬೇರೆ ಪುರಾಣ. ಬಾಡಿಗೆ ಆದಾಯದಲ್ಲಿ ಪಾಲಿಕೆ ತೆರಿಗೆ ಕಳೆದು ಉಳಿದಿದ್ರಲ್ಲಿ 30% ರಿಪೇರಿ ಖರ್ಚು ಅಂತ ಬಿಟ್ಬಿಡ್ತಾರೆ, ನಲ್ಲಿ ವಾಷರ್ ಹಾಕಿಸ್ಲಿ ಬಿಡ್ಲಿ. ಅದೂ ಸಾಲದು. ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ರೆ, ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ಟ್ಯಾಕ್ಸ್ ವಿನಾಯಿತಿ ಕೇಳೋಕೆ ಓನರ್ ಪ್ಯಾನ್ ಬೇಕಲ್ಲ, ಕೇಳಿ ನೋಡಿ. ‘ಪ್ಯಾನೆಲ್ಲ ಬೇಡಪ್ಪಾ, ನೀನು ನಮ್ಮನೆ ಮಗ ಇದ್ದಂಗೆ’ ಅಂತಾರೆ. ಈ ಮಗ ಬಾಡಿಗೆ ಮಾತ್ರ ಐದನೇ ತಾರೀಖಿನೊಳಗೆ ಕ್ಯಾಶಲ್ಲಿ ಕೊಡ್ಬೇಕು, ಇಲ್ಲಾಂದ್ರೆ ಸೊಸೆ ನಂಬರಿಗೆ ಫೋನ್‌ಪೇ, ರಿಮಾರ್ಕ್ಸಲ್ಲಿ ‘ಗಿಫ್ಟ್’ ಅಂತ ಹಾಕ್ಬೇಕು.