ಖಾರಾ ಬನ್ನಿಗೆ ಕಿಲೋಮೀಟರ್ ಲೆಕ್ಕ ಬೇಡ

ಹೋದ ಭಾನುವಾರ ಲಲಿತಮಹಲ್ ರಸ್ತೆಯಲ್ಲಿ ಓಟ ಮುಗಿಸಿ ನಾವು ಏಳೆಂಟು ಜನ ಕಟ್ಟೆ ಮೇಲೆ ಕೂತಿದ್ದೆವು. ನಾನು ಮನೆಯಿಂದ ಒಂದು ಡಬ್ಬಿ ಖಾರಾ ಬನ್ ತಂದಿದ್ದೆ. ಒಬ್ಬರು ಬನ್ ಕೈಗೆತ್ತಿಕೊಂಡು, "ಇದಕ್ಕೆ ನಾಳೆ ಮೂರು ಕಿಲೋಮೀಟರ್ ಜಾಸ್ತಿ ಓಡಬೇಕು ನೋಡಿ" ಅಂದರು. ಎಲ್ಲರೂ ನಕ್ಕರು. ನನ್ನ ಪಕ್ಕ ಕೂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಡಬ್ಬಿ ಅವಳ ಕೈಗೆ ಬಂದಾಗ ಮುಚ್ಚಳವನ್ನೂ ತೆಗೆಯದೆ ಮುಂದಕ್ಕೆ ದಾಟಿಸಿದಳು. "ಬೇಡ ಅಕ್ಕ, ಈ ವಾರ ನಾನು ಸರಿಯಾಗಿ ಓಡೇ ಇಲ್ಲ" ಅಂದಳು.

ಆ ಮಾತು ಒಂದು ವಾರದಿಂದ ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ಅದೇ ಮಾತನ್ನು ನಾನೂ ಒಂದು ಕಾಲದಲ್ಲಿ ಆಡುತ್ತಿದ್ದೆ.

ನನ್ನ ತವರು ಹಾಸನ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರಲ್ಲಿ ಎಷ್ಟೋ ಜನ ನಮ್ಮ ಹಾಸನದ ಸುತ್ತಮುತ್ತಲ ಹಳ್ಳಿಯವರು. 1898ರಲ್ಲಿ ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೇಕರಿ ಶುರು ಮಾಡಿದ ಕತೆಯನ್ನು ನಮ್ಮ ಕಡೆ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಮೊಟ್ಟೆ ಮುಟ್ಟದ ಮನೆಯವರು ಮೊಟ್ಟೆ ಇಲ್ಲದೆ ಕೇಕ್ ಮಾಡುವುದನ್ನು ಕಲಿತು, ಬ್ರೆಡ್ಡಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕರಿಬೇವು ಸೇರಿಸಿ ನಮ್ಮದೇ ರುಚಿ ಮಾಡಿಬಿಟ್ಟರಲ್ಲ, ಅದು ನನಗೆ ಇವತ್ತಿಗೂ ಬೆರಗು. ಅಪ್ಪ ಶನಿವಾರ ಸಂಜೆ ಪೇಪರಿನಲ್ಲಿ ಕಟ್ಟಿಸಿ ತರುತ್ತಿದ್ದ ದಿಲ್‌ಪಸಂದ್ ಮತ್ತು ಖಾರಾ ಬನ್ ನಮ್ಮ ಮನೆಯ ಹಬ್ಬ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಒಂದು ಸಣ್ಣ ಓವನ್ ಕೊಂಡು ಆ ಬನ್ನಿನ ಹಿಂದೆ ಬಿದ್ದೆ. ಹದ ಸಿಗಲು ಎರಡು ವರ್ಷ ಬೇಕಾಯಿತು.

ಓಟ ಬಂದಿದ್ದು ಆಮೇಲೆ. 2018ರಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಡಿದೆ. ಕಂಠೀರವ ಸ್ಟೇಡಿಯಂ ಸುತ್ತಮುತ್ತ ಅಷ್ಟು ಹೆಂಗಸರು ಬೆವರು ಸುರಿಸಿಕೊಂಡು, ಯಾರಿಗೂ ಅಂಜದೆ ರಸ್ತೆ ತುಂಬಾ ಓಡುವುದನ್ನು ನೋಡಿ ನನಗೆ ಅಳುವೇ ಬಂದಿತ್ತು. ಒಂದಲ್ಲ ಒಂದು ದಿನ ಫುಲ್ ಮ್ಯಾರಥಾನ್ ಓಡುತ್ತೇನೆ ಅಂತ ಅವತ್ತೇ ಅಂದುಕೊಂಡೆ. 42.195 ಕಿಲೋಮೀಟರ್.

2023ರಲ್ಲಿ ಅದಕ್ಕೆ ತಯಾರಿ ಶುರುವಾಯಿತು. ನಮಗೆ ತರಬೇತಿ ಕೊಡುತ್ತಿದ್ದವರು ಮೊದಲ ವಾರವೇ ಎಲ್ಲರ ಮುಂದೆ ಹೇಳಿದರು: "ಮೇಡಂ, ಐದು ಕೆ.ಜಿ. ಇಳಿಸಿ. ಟೈಮಿಂಗ್ ತಾನಾಗೇ ಬರುತ್ತೆ." ಆಗ ನನ್ನ ತೂಕ 58 ಕೆ.ಜಿ. ನನ್ನ ಎತ್ತರಕ್ಕೆ ಅದು ಯಾವ ಲೆಕ್ಕದಲ್ಲೂ ಹೆಚ್ಚಲ್ಲ. ಆದರೂ ಮನೆಗೆ ಬಂದವಳೇ ಓವನ್ನಿನ ಪ್ಲಗ್ ಕಿತ್ತು ಅದರ ಮೇಲೆ ಬಟ್ಟೆ ಮುಚ್ಚಿಟ್ಟೆ. ಅನ್ನ ಅರ್ಧ ಮಾಡಿದೆ, ಮೈದಾ ಮನೆಗೆ ತರುವುದನ್ನೇ ನಿಲ್ಲಿಸಿದೆ. ವಾರಕ್ಕೆ 55 ಕಿಲೋಮೀಟರ್ ಓಡುತ್ತಿದ್ದೆ. ಮಗನ ಹುಟ್ಟುಹಬ್ಬಕ್ಕೆ ಕೇಕನ್ನು ಅಂಗಡಿಯಿಂದ ತರಿಸಿದೆ. ಅವನು ಏನೂ ಅನ್ನಲಿಲ್ಲ, ಓವನ್ ಕಡೆ ಒಮ್ಮೆ ನೋಡಿದ ಅಷ್ಟೇ.

ನಾಲ್ಕು ತಿಂಗಳಲ್ಲಿ 52ಕ್ಕೆ ಇಳಿದೆ. ಎಲ್ಲರೂ ಹೊಗಳಿದರು. ಮೊದಮೊದಲು ಟೈಮಿಂಗ್ ಕೂಡ ಚೆನ್ನಾಗಿತ್ತು. ಆಮೇಲೆ ನಿದ್ದೆ ಕೆಟ್ಟಿತು, ಸಣ್ಣ ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು, ಬಿಸಿಲಲ್ಲೂ ಕೈ ತಣ್ಣಗಿರುತ್ತಿತ್ತು. ಮುಟ್ಟು ನಿಂತಿತ್ತು. ತಯಾರಿ ಜೋರಾಗಿದೆ, ಹೀಗೆಲ್ಲಾ ಆಗುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನ ಚಾಮುಂಡಿ ಬೆಟ್ಟ ಇಳಿಯುವಾಗ ಎಡಗಾಲಿನ ಮೊಣಕಾಲ ಕೆಳಗೆ, ಮೂಳೆಯ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು. ಬೆರಳಿಟ್ಟರೆ ಜೀವ ಹೋಗುತ್ತಿತ್ತು. ಎಂಆರ್‌ಐ ಮಾಡಿಸಿದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಿ ಆಗುವ ಸಣ್ಣ ಬಿರುಕು.

ಡಾಕ್ಟರಮ್ಮ ಫಿಲ್ಮ್ ಕೆಳಗಿಟ್ಟು ಕೇಳಿದ್ದು ಕಾಲಿನ ವಿಷಯ ಅಲ್ಲ. "ಮುಟ್ಟಾಗಿ ಎಷ್ಟು ತಿಂಗಳಾಯ್ತಮ್ಮಾ?" ಅಂದರು. ನಾಲ್ಕು ತಿಂಗಳು ಅಂದೆ. "ದಿನಕ್ಕೆ ಎಷ್ಟು ತಿನ್ತೀಯ, ಎಷ್ಟು ಓಡ್ತೀಯ?" ಅಂತ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಬರೆದಿದ್ದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಅಷ್ಟೇ ಸಾಕಾಯಿತು.

ಆ ಚೀಟಿಯ ಲೆಕ್ಕ ನಿಮಗೂ ಗೊತ್ತಿರಲಿ. ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು ಒಂದು ಕ್ಯಾಲರಿ ಬೇಕು. 58 ಕೆ.ಜಿ. ಇರುವವಳಿಗೆ ವಾರಕ್ಕೆ 55 ಕಿಲೋಮೀಟರ್ ಅಂದರೆ ಮೂರು ಸಾವಿರಕ್ಕೂ ಜಾಸ್ತಿ. ಇದು ಓಟಕ್ಕೆ ಮಾತ್ರ. ಇದರ ಮೇಲೆ ಹೃದಯ ಬಡಿಯಬೇಕು, ಮೂಳೆ ಕಟ್ಟಬೇಕು, ಹಾರ್ಮೋನ್ ತಯಾರಾಗಬೇಕು. ತಿನ್ನುವುದು ಕಡಿಮೆಯಾಗಿ ಓಟ ಜಾಸ್ತಿಯಾದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಹೆಂಗಸರಲ್ಲಿ ಮೊದಲು ಮುಟ್ಟನ್ನೇ ನಿಲ್ಲಿಸಬಹುದು. ಹೀಗೆ ಮುಟ್ಟು ನಿಂತಿತು ಅಂದರೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾಗಿದೆ ಅಂತ. ಮೂಳೆಯನ್ನು ಕಾಯುವುದು ಅದೇ ಈಸ್ಟ್ರೋಜನ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್, ಅಂದರೆ ಆಟೋಟದಲ್ಲಿ ದೇಹಕ್ಕೆ ಬೀಳುವ ಶಕ್ತಿಯ ಕೊರತೆ, ಅಂತ ಹೆಸರಿಟ್ಟಿತು. ಗಂಡಸರಿಗೂ ಇದು ಬರುತ್ತದೆ, ಆದರೆ ಅವರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ. ನನಗೆ ಆ ಗಂಟೆ ನಾಲ್ಕು ತಿಂಗಳು ಹೊಡೆದಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಎಂಟು ವಾರ ಓಟ ಇಲ್ಲ. ಆ ಎಂಟು ವಾರದಲ್ಲೇ ಓವನ್ನಿನ ಮೇಲಿನ ಬಟ್ಟೆ ತೆಗೆದೆ. ಹಿಟ್ಟು ನಾದುವಾಗ ಅಂಗೈ ಕೆಳಗೆ ಅದು ಬಿಗಿಯಾಗಿ, ಆಮೇಲೆ ಮೆತ್ತಗಾಗಿ, ಕೊನೆಗೆ ಹರಿಯದೆ ಪೊರೆಯ ಹಾಗೆ ಹಿಗ್ಗುತ್ತದಲ್ಲ, ಆ ಗಳಿಗೆಗೆ ನಾನು ಎಷ್ಟು ಹಸಿದಿದ್ದೆ ಅಂತ ಅವತ್ತು ಗೊತ್ತಾಯಿತು. ನಾನು ಬಿಟ್ಟಿದ್ದು ಬರೀ ತಿನ್ನುವುದನ್ನಲ್ಲ. ನಾಲ್ಕು ಜನಕ್ಕೆ ಮಾಡಿ ಬಡಿಸುವುದನ್ನೂ ಬಿಟ್ಟಿದ್ದೆ. ಬಿಸಿ ತಟ್ಟೆ ಹೊರಗೆ ತೆಗೆದಾಗ ಅತ್ತೆ ಅಡುಗೆಮನೆ ಬಾಗಿಲಿಗೆ ಬಂದು, "ಎಷ್ಟು ದಿನ ಆಗಿತ್ತೇ ಈ ವಾಸನೆ ಬಂದು" ಅಂದರು.

ಈಗ ನನ್ನ ವಾರ ಹೀಗಿದೆ. ಶುಕ್ರವಾರ ರಾತ್ರಿ ಅರ್ಧ ಕೆ.ಜಿ. ಮೈದಾ, 300 ಮಿ.ಲೀ. ನೀರು, 9 ಗ್ರಾಂ ಉಪ್ಪು, 20 ಗ್ರಾಂ ಸಕ್ಕರೆ, ಬರೀ 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ನಾದಿ, ಕೊನೆಗೆ 40 ಗ್ರಾಂ ಬೆಣ್ಣೆ ಸೇರಿಸಿ ಫ್ರಿಜ್ಜಿನಲ್ಲಿಡುತ್ತೇನೆ. ತಣ್ಣಗೆ, ನಿಧಾನವಾಗಿ ಉಬ್ಬಿದ ಹಿಟ್ಟಿನ ರುಚಿಯೇ ಬೇರೆ. ಈರುಳ್ಳಿಯನ್ನು ರಾತ್ರಿಯೇ ಹಾಕಿದರೆ ನೀರು ಬಿಡುತ್ತದೆ. ಹಾಗಾಗಿ ಶನಿವಾರ ಸಂಜೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪು ಹೆಚ್ಚಿ ಸೇರಿಸುತ್ತೇನೆ. ಹದಿನಾಲ್ಕು ಉಂಡೆ ಮಾಡಿ, ಮತ್ತೆ ಉಬ್ಬಲು ಬಿಟ್ಟು, 200 ಡಿಗ್ರಿಯಲ್ಲಿ ಹದಿನೆಂಟು ನಿಮಿಷ. ಒಂದು ಬನ್ನಿನಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ. ಲಾಂಗ್ ರನ್‌ನ ಹಿಂದಿನ ರಾತ್ರಿ ಎರಡು, ಓಟ ಮುಗಿಸಿ ಎರಡು.

ಮೈದಾ ವಿಷ ಅನ್ನುವವರ ಜೊತೆ ನನಗೆ ಜಗಳ ಇದೆ. ಉಳಿದ ದಿನ ನಮ್ಮ ಮನೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು ಎಲ್ಲಾ ಇದೆ. ಆದರೆ 30 ಕಿಲೋಮೀಟರ್ ಓಡುವ ಹಿಂದಿನ ರಾತ್ರಿ ನಾರು ಜಾಸ್ತಿ ಇರುವುದನ್ನು ತಿಂದರೆ ಅರ್ಧ ದಾರಿಯಲ್ಲಿ ಹೊಟ್ಟೆ ಕೆಡುತ್ತದೆ. ಅವತ್ತು ಬೇಕಾಗಿರುವುದು ಬೇಗ ಅರಗುವ ಆಹಾರ. ರಾಗಿ ಬ್ರೆಡ್ ಕೂಡ ಮಾಡುತ್ತೇನೆ. ರಾಗಿಯಲ್ಲಿ ಹಿಟ್ಟನ್ನು ಹಿಗ್ಗಿಸುವ ಗ್ಲುಟನ್ ಇಲ್ಲ, ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಮೂರು ಪಾಲಿನಲ್ಲಿ ಒಂದು ಪಾಲಿಗಿಂತ ಜಾಸ್ತಿ ಹಾಕುವುದಿಲ್ಲ. ಅದು ವಾರದ ನಡುವಿನ ಬ್ರೆಡ್, ಭಾನುವಾರದ್ದಲ್ಲ.

2025ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿದೆ. ತೂಕ ಮತ್ತೆ 58. ಇನ್ನೂ ಕತ್ತಲಿರುವಾಗಲೇ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದಿಂದ ಹೊರಟೆವು. ಮೊದಲಿಂದಲೂ ಪ್ರತಿ ಅರ್ಧ ಗಂಟೆಗೆ ಏನಾದರೂ ತಿನ್ನುತ್ತಲೇ ಇದ್ದೆ. ಒಮ್ಮೆ ಓಟಗಾರರು ಹೀರುವ ಎನರ್ಜಿ ಜೆಲ್, ಒಮ್ಮೆ ಮನೆಯಿಂದ ಒಯ್ದಿದ್ದ ಬಾಳೆಹಣ್ಣಿನ ಕೇಕಿನ ತುಂಡು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಸುಮಾರು ಎರಡು ಸಾವಿರ ಕ್ಯಾಲರಿಯಷ್ಟು. ಮ್ಯಾರಥಾನಿಗೆ ಅದು ಸಾಲುವುದಿಲ್ಲ. 30 ದಾಟಿದ ಮೇಲೆ ಗೋಡೆಗೆ ಬಡಿದಂತೆ ಎಷ್ಟೋ ಜನ ನಿಂತುಬಿಡುವುದು ಇದಕ್ಕೇ.

ಪೆಡ್ಡರ್ ರಸ್ತೆಯ ಏರು ಹೋಗುವಾಗಲೂ ಬರುತ್ತದೆ, ವಾಪಸ್ ಬರುವಾಗಲೂ ಬರುತ್ತದೆ. ಹೋಗುವಾಗ ಗೊತ್ತೇ ಆಗಲಿಲ್ಲ. ವಾಪಸ್ ಬರುವಾಗ ಬಿಸಿಲೇರಿತ್ತು, ಸುತ್ತ ಎಷ್ಟೋ ಜನ ನಡೆಯುತ್ತಿದ್ದರು. ರಸ್ತೆಯ ಎರಡೂ ಕಡೆ ಜನ ನಿಂತು ಕಿತ್ತಳೆ, ಚಿಕ್ಕಿ, ಉಪ್ಪು ಕೊಡುತ್ತಿದ್ದರು. ನನ್ನ ಅಮ್ಮನ ವಯಸ್ಸಿನ ಒಬ್ಬರು ಮನೆಯ ಸ್ಟೀಲ್ ತಟ್ಟೆಯಲ್ಲಿ ಗ್ಲೂಕೋಸ್ ಬಿಸ್ಕತ್ತು ಜೋಡಿಸಿಕೊಂಡು ನಿಂತಿದ್ದರು. ನಮಗೆ ಪರಸ್ಪರ ಭಾಷೆ ಗೊತ್ತಿಲ್ಲ. ಎರಡು ತೆಗೆದುಕೊಂಡೆ. ಇನ್ನೂ ಎರಡು ತಗೋ ಅಂತ ತಟ್ಟೆಯನ್ನು ಮುಂದೆ ತಳ್ಳಿದರು. ಇದಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು ಅಂತ ಆಕೆ ಕೇಳಲಿಲ್ಲ. ತಿಂದರೆ ತಾನೇ ಓಡುವುದು ಅನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ಬಿಸ್ಕತ್ತು ಅಗಿಯುತ್ತಾ ಆ ಏರನ್ನು ಹತ್ತಿದೆ. ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ ಮುಗಿಸಿದೆ.

ತರಬೇತಿ ಕೊಡುವವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಹತ್ತು ಜನರ ಮುಂದೆ ಒಬ್ಬ ಹೆಂಗಸಿನ ತೂಕದ ಬಗ್ಗೆ ಮಾತಾಡಬೇಡಿ, ದಯವಿಟ್ಟು. ಅದು ಓಟದ ವೇಗದ ಬಗ್ಗೆ ಹೇಳಿದಂತೆ ಅಂತ ನಿಮಗೆ ಅನ್ನಿಸಬಹುದು. ಆಕೆ ಅದನ್ನು ಊಟದ ತಟ್ಟೆಯವರೆಗೂ ಹೊತ್ತುಕೊಂಡು ಹೋಗುತ್ತಾಳೆ. ಕೇಳಲೇಬೇಕು ಅಂದರೆ ನಿದ್ದೆ ಹೇಗಿದೆ, ಸರಿಯಾಗಿ ತಿನ್ನುತ್ತಿದ್ದೀರಾ ಅಂತ ಕೇಳಿ.

ಆ ಹುಡುಗಿಗೆ ಬುಧವಾರ ಫೋನ್ ಮಾಡಿದ್ದೆ. ಡಾಕ್ಟರಮ್ಮ ನನ್ನನ್ನು ಕೇಳಿದ ಪ್ರಶ್ನೆಯನ್ನೇ ಅವಳನ್ನೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತುಂಬಾ ಹೊತ್ತು ಮಾತಾಡಿದೆವು. ಅದು ನಮ್ಮಿಬ್ಬರಲ್ಲೇ ಇರಲಿ. ಅವಳ ಕತೆ ಬೇಡ ಅನ್ನಿಸಿ ನನ್ನದನ್ನೇ ಬರೆದೆ, ಅವಳನ್ನು ಕೇಳಿಯೇ.

ಇವತ್ತು ಶನಿವಾರ. ಹಿಟ್ಟು ಚೆನ್ನಾಗಿ ಉಬ್ಬಿದೆ, ಈರುಳ್ಳಿ ಇನ್ನೂ ಹೆಚ್ಚಬೇಕು. ಸಬ್ಬಸಿಗೆ ಸೊಪ್ಪು ಎರಡು ಕಟ್ಟು ತಂದಿದ್ದೇನೆ. "ನನಗೆ ಸಬ್ಬಸಿಗೆ ಜಾಸ್ತಿ ಇರೋದು ಎತ್ತಿಡಿ ಅಕ್ಕ" ಅಂತ ಬೆಳಿಗ್ಗೆ ಅವಳ ಮೆಸೇಜ್ ಬಂದಿದೆ.