ಟ್ಯಾಕ್ಸ್ ಎಲ್‌ಎಲ್‌ಎಂ ಮಾಡಬೇಕಾ? ಮೊದಲು ಎಲ್ಲಿ ಕೆಲಸ ಮಾಡ್ತೀರಿ ಹೇಳಿ

ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿರುವವರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಸರ್, ಟ್ಯಾಕ್ಸೇಷನ್‌ನಲ್ಲಿ ಎಲ್‌ಎಲ್‌ಎಂ ಮಾಡ್ಲಾ?" ನಾನು ತಿರುಗಿ ಕೇಳುವುದು ಒಂದೇ. ಮುಂದೆ ಎಲ್ಲಿ ಕೆಲಸ ಮಾಡಬೇಕು ಅಂದುಕೊಂಡಿದ್ದೀರಿ?

ಟ್ರಿಬ್ಯುನಲ್ಲು, ಹೈಕೋರ್ಟು ಅನ್ನುವವರಿಗೆ ಈ ಸ್ನಾತಕೋತ್ತರ ಡಿಗ್ರಿ ಕಡ್ಡಾಯವಲ್ಲ. ವಾದ ಮಾಡಲು ವಕೀಲಿ ಸನ್ನದು ಸಾಕು. ಆದಾಯ ತೆರಿಗೆ ಟ್ರಿಬ್ಯುನಲ್‌ನಲ್ಲಿ ಸಿಎಗಳೂ ವಾದಿಸುತ್ತಾರೆ, ಲೆಕ್ಕದಲ್ಲಿ ಅವರು ವಕೀಲರಾದ ನಮಗಿಂತ ಮುಂದೆ. ಅವರ ಸಮಕ್ಕೆ ನಿಲ್ಲಬೇಕಾದರೆ ಬ್ಯಾಲೆನ್ಸ್ ಶೀಟ್ ಓದಲು ಬರಬೇಕು, ನೋಟಿಸಿಗೆ ಉತ್ತರ ಬರೆದು ಕೈ ಪಳಗಬೇಕು. ಅದು ಸೀನಿಯರ್ ವಕೀಲರ ಚೇಂಬರ್‌ನಲ್ಲೇ, ಅಂದರೆ ಅವರ ಕಚೇರಿಯಲ್ಲೇ ಆಗುವ ಕೆಲಸ.

ಅದೂ ಅಲ್ಲದೆ ಕಾಲ ಹೇಗಿದೆ ನೋಡಿ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ. ಸೆಕ್ಷನ್‌ಗಳು 819ರಿಂದ 536ಕ್ಕೆ ಇಳಿದಿವೆ. ಆದರೆ ಹಳೆಯ ವರ್ಷಗಳ ಕೇಸುಗಳಿಗೆ ಹಳೆಯ ಕಾಯ್ದೆಯೇ. ಎರಡನ್ನೂ ಬಲ್ಲ ಜೂನಿಯರ್‌ಗಳಿಗೆ ಚೇಂಬರ್‌ಗಳಲ್ಲಿ ಈಗ ನಿಜಕ್ಕೂ ಬೆಲೆ ಇದೆ.

ಪಾಠ ಮಾಡುವ ಆಸೆ ಇದ್ದರೆ ಯೋಚನೆಯೇ ಬೇಡ, ಎಲ್‌ಎಲ್‌ಎಂ ಮಾಡಿ, ಅಧ್ಯಾಪಕರಾಗಲು ಇರುವ ಅರ್ಹತಾ ಪರೀಕ್ಷೆ ನೆಟ್ ಬರೆಯಿರಿ.

ಇನ್ನೊಂದು ದಾರಿ ಅಂತರರಾಷ್ಟ್ರೀಯ ತೆರಿಗೆ. ಬೆಂಗಳೂರಿನವರಿಗೆ ಇದು ದೂರದ ವಿಷಯವಲ್ಲ. ವಿದೇಶಿ ಕಂಪನಿಯಿಂದ ಸಾಫ್ಟ್‌ವೇರ್ ಕೊಂಡರೆ ಆ ಹಣ ರಾಯಲ್ಟಿಯೇ, ಅಂದರೆ ಕಾಪಿರೈಟ್ ಬಳಸಲು ಕೊಟ್ಟ ಹಣವೇ? ಹೌದು, ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳಬೇಕು ಎಂದು 2011ರಲ್ಲಿ ಸ್ಯಾಮ್‌ಸಂಗ್ ಕೇಸಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿತು. 2021ರ ಮಾರ್ಚ್‌ನಲ್ಲಿ ಎಂಜಿನಿಯರಿಂಗ್ ಅನಾಲಿಸಿಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದೇಶ ದೇಶಗಳ ನಡುವಿನ ತೆರಿಗೆ ಒಪ್ಪಂದ, ಕಾಪಿರೈಟ್ ಕಾಯ್ದೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ತೀರ್ಪು ಅದು. ಹತ್ತು ವರ್ಷ ಎಷ್ಟೊಂದು ಕಂಪನಿಗಳು ಈ ಒಂದು ಪ್ರಶ್ನೆಗೆ ಕೋರ್ಟು ಅಲೆದವು! ಒಪ್ಪಂದಗಳನ್ನು ಹೀಗೆ ಓದುವುದನ್ನು ಚೇಂಬರ್‌ನ ಗಡಿಬಿಡಿಯಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನೆದರ್ಲೆಂಡ್ಸ್‌ನ ಲೈಡನ್, ಆಸ್ಟ್ರಿಯಾದ ವಿಯೆನ್ನಾದಂಥ ಕಡೆ ಅದಕ್ಕೇ ಕೋರ್ಸ್ ಇದೆ. ಈ ಕೆಲಸ ಇಷ್ಟವಿದ್ದರೆ ಆ ಓದು ಖಂಡಿತ ಸಾರ್ಥಕ. ಆದರೂ ಎರಡು ಮೂರು ವರ್ಷ ಪ್ರಾಕ್ಟೀಸ್ ಮಾಡಿ ಹೋಗಿ. ಏನು ಕೇಳಬೇಕು ಅಂತ ಗೊತ್ತಿದ್ದವರಿಗೆ ಕ್ಲಾಸಿನಲ್ಲಿ ಸಿಗುವುದು ಜಾಸ್ತಿ.

ಅಮೆರಿಕದ ಟ್ಯಾಕ್ಸ್ ಎಲ್‌ಎಲ್‌ಎಂ ಬಗ್ಗೆ ಮಾತ್ರ ಎಚ್ಚರ. ಅಲ್ಲಿ ಬಹುಪಾಲು ಕಲಿಸುವುದು ಅವರದೇ ತೆರಿಗೆ ಕಾನೂನು. ವಾಪಸ್ ಬಂದು ಇಲ್ಲೇ ಕೆಲಸ ಮಾಡುವವರಿಗೆ ಅದರಲ್ಲಿ ಎಷ್ಟು ಉಪಯೋಗ? ಅಪ್ಪ ಅಮ್ಮ ಮನೆ ಅಡ ಇಟ್ಟು ಸಾಲ ತೆಗೆಯುವ ಮೊದಲು ಆ ಕೋರ್ಸಿನಲ್ಲಿ ಕಲಿಸುವ ವಿಷಯಗಳ ಪಟ್ಟಿ ತರಿಸಿಕೊಳ್ಳಿ. ಒಪ್ಪಂದಗಳ ಬಗ್ಗೆ, ಟ್ರಾನ್ಸ್‌ಫರ್ ಪ್ರೈಸಿಂಗ್ (ಒಂದೇ ಗುಂಪಿನ ಕಂಪನಿಗಳ ನಡುವಿನ ವ್ಯವಹಾರದ ಬೆಲೆ) ಬಗ್ಗೆ ಎಷ್ಟಿದೆ ನೋಡಿ. ಬೇಕಿದ್ದರೆ ನನಗೂ ಕಳಿಸಿ, ಓದಿ ಅನಿಸಿದ್ದು ಹೇಳುತ್ತೇನೆ.