ಹರಳೆಣ್ಣೆ ಕುಡಿಯುವ ವಿಮಾನ

ಏರ್ ಶೋ ಅಂದರೆ ನನಗೆ ಗೊತ್ತಿದ್ದದ್ದು ಯಲಹಂಕ ಒಂದೇ. ಕಿವಿ ಮುಚ್ಚಿಕೊಂಡು ಕತ್ತೆತ್ತುವಷ್ಟರಲ್ಲಿ ವಿಮಾನ ಮಾಯ!

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್‌ಗೆ ಕರೆದೊಯ್ದರು. ಅಲ್ಲಿರುವುದು ಶಟಲ್‌ವರ್ತ್ ಸಂಗ್ರಹದ ಹಳೇ ವಿಮಾನಗಳು. ರನ್‌ವೇ ಎಲ್ಲಿ ಅಂತ ಹುಡುಕಿದರೆ ಬರೀ ಹುಲ್ಲು, ನಮ್ಮೂರ ಜಾತ್ರೆ ಬಯಲಿನ ಹಾಗೆ.

ಆವ್ರೋ 504 ಅನ್ನುವ ಹಳೇ ವಿಮಾನ ಶುರುವಾದಾಗ ಮೂಗಿಗೆ ಬಡಿದ ವಾಸನೆ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಹರಳೆಣ್ಣೆ! ಚಿಕ್ಕವನಿದ್ದಾಗ ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ. ಮೊದಲ ಮಹಾಯುದ್ಧದ ಕಾಲದ ಈ ರೋಟರಿ ಎಂಜಿನ್‌ಗಳಲ್ಲಿ ಮುಂದಿನ ಫ್ಯಾನ್ ಜೊತೆ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತದೆ. ಪೆಟ್ರೋಲಿನ ಜೊತೆ ಸುಲಭಕ್ಕೆ ಬೆರೆಯದ ಕೀಲೆಣ್ಣೆ ಬೇಕಿತ್ತು, ಅದಕ್ಕೇ ಹರಳೆಣ್ಣೆ. ಒಮ್ಮೆ ಒಳಗೆ ಹೋದದ್ದು ಮತ್ತೆ ಟ್ಯಾಂಕಿಗೆ ಬರುವುದಿಲ್ಲ, ಹೊರಗೇ ಚಿಮ್ಮುತ್ತದೆ. ಆಗಿನ ಪೈಲಟ್‌ಗಳು ಅದರ ಹೊಗೆ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದರಂತೆ. ಹರಳೆಣ್ಣೆ ಅಲ್ವಾ, ಬಿಡುತ್ತದೆಯೇ!

ಇಷ್ಟು ಅಪರೂಪದ ವಿಮಾನಗಳನ್ನು ಹಾರಿಸಿ ಅಪಾಯಕ್ಕೆ ಒಡ್ಡುವುದು ಯಾಕೆ, ಗಾಜಿನ ಹಿಂದೆ ಇಡಬಾರದೇ ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಒಪ್ಪುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿರುವ ಮರುತ್ ಯುದ್ಧವಿಮಾನ ಎಷ್ಟು ಚೆಂದ! ಆದರೆ ಅದರ ಸದ್ದು ಹೇಗಿತ್ತು ಅಂತ ಅಲ್ಲಿಗೆ ಹೋದ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಓಲ್ಡ್ ವಾರ್ಡನ್ನಿನ ಈ ಸಂಗ್ರಹ ಶುರು ಮಾಡಿದ ರಿಚರ್ಡ್ ಶಟಲ್‌ವರ್ತ್ 1940ರಲ್ಲಿ ವಾಯುಪಡೆಯ ತರಬೇತಿ ಹಾರಾಟದಲ್ಲೇ ತೀರಿಕೊಂಡರು. ಮಗನನ್ನು ಕಳೆದುಕೊಂಡ ತಾಯಿ ಡೊರೊಥಿ ಅವನ ನೆನಪಿಗೆ ಟ್ರಸ್ಟ್ ಮಾಡಿದರು. ವಿಮಾನ ಕಂಡರೆ ಮುಖ ತಿರುಗಿಸಬಹುದಿತ್ತು, ತಿರುಗಿಸಲಿಲ್ಲ.

ಇಲ್ಲಿ ಎಲ್ಲಕ್ಕಿಂತ ಹಳೆಯ ವಿಮಾನ 1909ರ ಬ್ಲೇರಿಯೋ. ಲೂಯಿ ಬ್ಲೇರಿಯೋ ಇಂಗ್ಲಿಷ್ ಚಾನೆಲ್ ದಾಟಿದ್ದು ಇದೇ ಮಾದರಿಯಲ್ಲಿ, ಅದೇ ವರ್ಷ. ಗಾಳಿ ಪೂರ್ತಿ ನಿಲ್ಲದೆ ಇದನ್ನು ಹೊರಡಿಸುವುದಿಲ್ಲ. ನಾವು ಕಾದೆವು. ಚಹಾ ಆಯಿತು, ಚಕ್ಕುಲಿ ಡಬ್ಬಿ ಖಾಲಿಯಾಯಿತು. ಸಾವಿರಾರು ಜನ ಸುಮ್ನೆ ಗಾಳಿ ಎಷ್ಟಿದೆ ಅಂತ ತೋರಿಸುವ ಗಾಳಿಚೀಲ ನೋಡುತ್ತಾ ಕೂತಿದ್ದರು. ಯಾರೂ ಗೊಣಗಲಿಲ್ಲ, ನನ್ನನ್ನು ಬಿಟ್ಟು!

ಸೂರ್ಯ ಮುಳುಗುವ ಹೊತ್ತಿಗೆ ಗಾಳಿಚೀಲ ಜೋತುಬಿತ್ತು. ಹಿಂಭಾಗದಲ್ಲಿ ಬಟ್ಟೆಯ ಹೊದಿಕೆಯೂ ಇಲ್ಲದ, ಮರದ ಅಸ್ಥಿಪಂಜರದಂಥ ವಿಮಾನ ಅದು. ಮೂರೇ ಸಿಲಿಂಡರ್‌ನ, ಸುಮಾರು 25 ಅಶ್ವಶಕ್ತಿಯ ಎಂಜಿನ್. ನಮ್ಮ ಬುಲೆಟ್ಟಿಗಿಂತ ತುಸು ಜಾಸ್ತಿ ಅಷ್ಟೇ. ಹುಲ್ಲಿನ ಮೇಲೆ ಕುಪ್ಪಳಿಸುತ್ತಾ ಬಂತು. ಎದ್ದಿತು. ಒಂದಾಳೆತ್ತರ, ಹೆಚ್ಚೆಂದರೆ ಎರಡಾಳು. ನೇರ ಹೋಗಿ ಇಳಿದೇ ಬಿಟ್ಟಿತು.

"ತಾತಾ, ಇಷ್ಟೇನಾ?" ಅಂದ ಮೊಮ್ಮಗ.

"ಇಷ್ಟೇ ಕಣೋ" ಅಂದೆ. ಗಂಟಲು ಕಟ್ಟಿತ್ತು.

ಮನೆಗೆ ಬಂದ ಮೇಲೆ, ನನ್ನವಳು ಊರಿಂದ ತಂದಿದ್ದ ಹರಳೆಣ್ಣೆ ಬಾಟಲಿ ಅವನ ಮೂಗಿನ ಹತ್ತಿರ ಹಿಡಿದೆ. ಮೂಸಿ ನೋಡಿ ಕಣ್ಣರಳಿಸಿದ. "ಅಜ್ಜಿ ಹತ್ರ ವಿಮಾನದ ಎಣ್ಣೆ ಇದೆ!" ಅಂತ ಅಡುಗೆಮನೆಗೆ ಓಡಿದ.